ರೀಡೆವಲಪ್‌ಮೆಂಟ್ ಹಣ, ದಶಮಾಂಶ, ಉಯಿಲು: ಸಂಪತ್ತಿನ ಬಗ್ಗೆ ಕ್ರೈಸ್ತ ನಂಬಿಕೆ ಏನು ಹೇಳುತ್ತದೆ?

ಮುಂಬೈಯ ಹಳೆಯ ಹೌಸಿಂಗ್ ಸೊಸೈಟಿಗಳು ಒಂದಾದ ಮೇಲೊಂದು, ಹಳೆಯ ಕಟ್ಟಡ ಕೆಡವಿ ಬಿಲ್ಡರ್ ಹೊಸದು ಕಟ್ಟಿಕೊಡುವ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಊರು ಬಿಟ್ಟು ಬಂದು, ಹೋಟೆಲಿನಲ್ಲೋ ಮಿಲ್ಲಿನಲ್ಲೋ ಬ್ಯಾಂಕಿನಲ್ಲೋ ದುಡಿದು, ಘಾಟ್ಕೋಪರ್, ಮುಲುಂಡ್, ಬೊರಿವಲಿ ಕಡೆ ಒಂದು ಕೋಣೆ, ಒಂದು ಅಡುಗೆಮನೆ ಮಾಡಿಕೊಂಡ ಕನ್ನಡಿಗರಿಗೆ ಈಗ ದೊಡ್ಡ ಫ್ಲ್ಯಾಟು, ಬಿಲ್ಡರ್ ಕೊಡುವ ಇಡುಗಂಟು ಅಂದರೆ ಕಾರ್ಪಸ್ ಹಣ, ಕಟ್ಟಡ ಏಳುವವರೆಗಿನ ಬಾಡಿಗೆ ಎಲ್ಲ ಒಟ್ಟಿಗೆ ಬರುತ್ತಿದೆ. ಹಲವರಿಗೆ ನಿವೃತ್ತಿಯ ಪಿಎಫ್, ಗ್ರಾಚ್ಯುಟಿಯೂ ಅದೇ ಹೊತ್ತಿಗೆ ಬಂದಿರುತ್ತದೆ. ತಿಂಗಳ ಕೊನೆಯ ವಾರವನ್ನು ಹೇಗೆ ದಾಟುವುದು ಎಂದು ಲೆಕ್ಕ ಹಾಕಿಯೇ ಬದುಕಿದವರ ಮನೆಯಲ್ಲಿ ಇದ್ದಕ್ಕಿದ್ದಂತೆ ಲಕ್ಷ, ಕೋಟಿಯ ಮಾತು.

ಇಲ್ಲಿನ ಕನ್ನಡ ಕ್ರೈಸ್ತರಲ್ಲಿ ಬೀದರ್ ಕಡೆಯ ಮೆಥಡಿಸ್ಟರಿದ್ದಾರೆ, ಉಡುಪಿ-ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯವರಿದ್ದಾರೆ, ಮನೆಯಲ್ಲಿ ಕೊಂಕಣಿ ಆಡಿ ಕನ್ನಡ ಓದುವ ಕಥೋಲಿಕರಿದ್ದಾರೆ. ಅವರಿಗೆ ಈ ಹಣದ ಜೊತೆ ಕೆಲವು ಪ್ರಶ್ನೆಗಳೂ ಬರುತ್ತವೆ. ಇಷ್ಟು ಇಟ್ಟುಕೊಳ್ಳುವುದು ತಪ್ಪೇ? ಕಾರ್ಪಸ್ ಹಣದಲ್ಲೂ ಹತ್ತರಲ್ಲೊಂದು ಪಾಲು ಸಭೆಗೆ, ಅಂದರೆ ಚರ್ಚಿಗೆ, ಕೊಡಬೇಕೇ? ಊರಿನ ತಮ್ಮ ಸಾಲಕ್ಕೆ ಜಾಮೀನು ಕೇಳುತ್ತಿದ್ದಾನೆ, ನಿಲ್ಲಬಹುದೇ? ಮಗಳಿಗೆಷ್ಟು, ಮಗನಿಗೆಷ್ಟು? ಕ್ರೈಸ್ತರಲ್ಲದವರಿಗೂ ಇಲ್ಲಿ ಗೊಂದಲವಿದೆ: ಒಂದು ಕಡೆ ಐಶ್ವರ್ಯವಂತನಿಗೆ ಸ್ವರ್ಗ ಕಷ್ಟ ಎಂಬ ಮಾತು, ಇನ್ನೊಂದು ಕಡೆ ನಂಬಿದರೆ ಐಶ್ವರ್ಯ ಬರುತ್ತದೆ ಎನ್ನುವ ಪ್ರಸಂಗ. ಎರಡೂ ಒಂದೇ ಧರ್ಮದ ಹೆಸರಿನಲ್ಲಿ ಹೇಗೆ ಬರುತ್ತವೆ? ಬುಡದಿಂದ ನೋಡೋಣ.

ಒಡೆಯ ಯಾರು?

ಬೈಬಲಿನಲ್ಲಿ ಹಣದ ಮಾತು ‘ಎಷ್ಟು ಕೊಡಬೇಕು’ ಎಂಬುದಕ್ಕಿಂತ ಮೊದಲು ‘ಇದು ಯಾರದು’ ಎಂದು ಕೇಳುತ್ತದೆ. ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದು ಎಂದು 24ನೆಯ ಕೀರ್ತನೆ ಶುರುವಾಗುತ್ತದೆ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಇನ್ನೂ ನೇರ: ಒಳ್ಳೆಯ ಮನೆ ಕಟ್ಟಿ, ದನಕುರಿ ಹೆಚ್ಚಿ, ಬೆಳ್ಳಿಬಂಗಾರ ಕೂಡಿದಾಗ ಇದೆಲ್ಲ ನನ್ನ ತೋಳಬಲದಿಂದಲೇ ಆಯಿತು ಎಂದುಕೊಳ್ಳಬೇಡ, ಸಂಪಾದಿಸುವ ಶಕ್ತಿ ಕೊಟ್ಟವನನ್ನು ನೆನೆ ಎನ್ನುತ್ತದೆ. ಹಾಗಾದರೆ ಮನುಷ್ಯನ ಸ್ಥಾನ ಯಾವುದು? ಕನ್ನಡ ಬೈಬಲಿನ ಮಾತಿನಲ್ಲಿ ಅವನು ಮನೆವಾರ್ತೆಯವನು, ಅಂದರೆ ಒಡೆಯನ ಆಸ್ತಿಯನ್ನು ಒಡೆಯನ ಪರವಾಗಿ ನೋಡಿಕೊಳ್ಳುವವನು.

ಮುಂಬೈ ಕನ್ನಡಿಗರಿಗೆ ಇದು ಕಣ್ಣೆದುರಿನ ವಿಷಯ. ಉಡುಪಿ ಹೋಟೆಲಿನ ಧಣಿ ಊರಿನಲ್ಲಿದ್ದಾರೆ, ಗಲ್ಲಾದಲ್ಲಿ ಕೂತಿರುವವನು ಮ್ಯಾನೇಜರ್. ತರಕಾರಿ ಎಲ್ಲಿಂದ ತರಿಸಬೇಕು, ಯಾವ ಹುಡುಗನಿಗೆ ಎಷ್ಟು ಮುಂಗಡ ಕೊಡಬೇಕು, ಗ್ರೈಂಡರ್ ಕೆಟ್ಟರೆ ರಿಪೇರಿಯೋ ಹೊಸದೋ, ಎಲ್ಲವೂ ಅವನದೇ ತೀರ್ಮಾನ. ಅವನ ಊಟ ಅಲ್ಲಿಯದೇ, ಸಂಬಳವೂ ಆ ಗಲ್ಲಾದಿಂದಲೇ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಗಿರಾಕಿ ಹೆಚ್ಚುವಂತೆ ನೋಡಿಕೊಂಡರೆ ಧಣಿಗೆ ಸಂತೋಷ, ಹೆದರಿ ಅರ್ಧ ದಿನ ಬಾಗಿಲು ಹಾಕಿಕೊಂಡರೆ ಬೇಸರ. ಆದರೆ ಗಲ್ಲಾದ ಹಣ ತನ್ನದೆಂದು ಭಾವಿಸಿ ಮಗಳ ಮದುವೆಗೆ ತೆಗೆದರೆ ಅಲ್ಲಿಗೆ ಮುಗಿಯಿತು. ತೀರ್ಮಾನ ಮಾಡುವ ಸ್ವಾತಂತ್ರ್ಯವಿದೆ, ಅದರಲ್ಲಿ ಬದುಕುವ ಹಕ್ಕಿದೆ, ಲೆಕ್ಕ ಒಪ್ಪಿಸುವ ದಿನವೂ ಇದೆ. ಹಣದ ಬಗ್ಗೆ ಕ್ರೈಸ್ತ ಬೋಧನೆಯ ಬಹುಪಾಲು ಈ ಮೂರರೊಳಗೆ ಬರುತ್ತದೆ.

ಯೇಸು ಹೇಳಿದ ಒಂದು ಕಥೆಯ ಕಟ್ಟೂ ಇದೇ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ದೂರದೇಶಕ್ಕೆ ಹೊರಟ ಯಜಮಾನನೊಬ್ಬ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸುತ್ತಾನೆ. ತಲಾಂತು ಸಣ್ಣ ನಾಣ್ಯವಲ್ಲ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಇಂದು ದಿನಗೂಲಿ 800 ರೂಪಾಯಿ ಎಂದಿಟ್ಟುಕೊಂಡರೂ ಒಂದು ತಲಾಂತು 48 ಲಕ್ಷವಾಗುತ್ತದೆ. ಅಂದರೆ ಎಲ್ಲರಿಗಿಂತ ಕಡಿಮೆ ಸಿಕ್ಕಿದ ಮೂರನೆಯವನಿಗೂ ಇಪ್ಪತ್ತು ವರ್ಷದ ದುಡಿಮೆಯಷ್ಟು ಸಿಕ್ಕಿತ್ತು. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿ ಮಾಡಿದರು. ಮೂರನೆಯವನು ಯಜಮಾನನಿಗೆ ಹೆದರಿ ಹಣವನ್ನು ನೆಲದಲ್ಲಿ ಹೂತಿಟ್ಟ. ಅವನು ಕದ್ದಿಲ್ಲ, ಹಾಳು ಮಾಡಿಲ್ಲ, ಇದ್ದಷ್ಟನ್ನೂ ವಾಪಸು ಕೊಟ್ಟ. ಆದರೂ ಬೈಸಿಕೊಂಡ, ಕಡೇಪಕ್ಷ ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಎಂದು ಯಜಮಾನ ಕೇಳುತ್ತಾನೆ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಅಕ್ಷರಶಃ ಒಂದೇ. ಯಾರ ಬಳಿ ಎಷ್ಟಿದೆ ಎಂಬುದನ್ನು ಅವನು ಅಳೆಯುತ್ತಲೇ ಇಲ್ಲ.

ಹಣವೇ ಪಾಪವೇ?

ಹಣವೇ ಎಲ್ಲ ಕೆಡುಕಿಗೆ ಮೂಲ ಎಂದು ಬೈಬಲ್ ಹೇಳುತ್ತದೆ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಯೇಸುವಿನ ಅಪೊಸ್ತಲನಾದ ಪೌಲನು ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿರುವುದು ಹಣದಾಸೆಯ ಮಾತು. ಅದೇ ಅಧ್ಯಾಯದ ಕೊನೆಗೆ ಐಶ್ವರ್ಯವಂತರಿಗೆ ಬುದ್ಧಿವಾದವಿದೆ: ಹೆಮ್ಮೆ ಬೇಡ, ನಿಲ್ಲದ ಹಣದ ಮೇಲೆ ನಿರೀಕ್ಷೆ ಇಡಬೇಡಿ, ಧಾರಾಳವಾಗಿ ಹಂಚಿರಿ. ಐಶ್ವರ್ಯವನ್ನೆಲ್ಲ ಬಿಟ್ಟು ಬನ್ನಿ ಎಂದು ಅಲ್ಲಿ ಇಲ್ಲ. ದೇವರು ಎಲ್ಲವನ್ನೂ ನಮ್ಮ ಅನುಭೋಗಕ್ಕೆ ಕೊಟ್ಟಿದ್ದಾನೆ ಎಂಬ ಮಾತೂ ಅಲ್ಲೇ ಇದೆ.

ಹಾಗಾದರೆ ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತು? ಯೇಸು ಆ ಮಾತು ಹೇಳಿದ್ದು, ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದಾಗ ದುಃಖದಿಂದ ಎದ್ದುಹೋದ ಶ್ರೀಮಂತನ ಬೆನ್ನಿಗೆ. ಆದರೆ ಯೇಸು ಭೇಟಿಯಾದ ಎಲ್ಲ ಶ್ರೀಮಂತರಿಗೂ ಅದೇ ಮಾತು ಹೇಳಿದಂತಿಲ್ಲ. ಸುಂಕದವನಾದ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ ಉಳಿದರ್ಧ ಎಲ್ಲಿ ಎಂದು ಯೇಸು ಕೇಳಲಿಲ್ಲ. ಅರಿಮಥಾಯದ ಯೋಸೇಫ ಐಶ್ವರ್ಯವಂತನಾಗಿಯೇ ಶಿಷ್ಯನಾಗಿದ್ದ. ಯೇಸುವಿನ ದೇಹವನ್ನಿಟ್ಟದ್ದು ಅವನ ಸ್ವಂತ ಸಮಾಧಿಯಲ್ಲಿ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಲುದ್ಯ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ, ಫಿಲಿಪ್ಪಿಯ ಸಭೆಗೆ ನೆಲೆಯಾದದ್ದು ಅವಳ ಮನೆ.

ಇವರೆಲ್ಲರ ನಡುವಿನ ವ್ಯತ್ಯಾಸ ಇರುವುದು ಮೊತ್ತದಲ್ಲಲ್ಲ. ಇಬ್ಬರು ಯಜಮಾನರಿಗೆ ಯಾರೂ ಸೇವೆ ಮಾಡಲಾರರು, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂದು ಯೇಸು ಹೇಳುವಾಗ ಧನವನ್ನು ಎದುರಾಳಿ ಯಜಮಾನನ ಸ್ಥಾನದಲ್ಲಿಟ್ಟು ಮಾತಾಡುತ್ತಾರೆ. ಆಳಾಗಿರಬೇಕಾದದ್ದು ಧಣಿಯಾಗುವುದು ಅಪಾಯ. ಲೂಕನ 12ನೆಯ ಅಧ್ಯಾಯದ ರೈತ ಇದಕ್ಕೆ ಉದಾಹರಣೆ. ಬೆಳೆ ಚೆನ್ನಾಗಿ ಬಂದಿದೆ, ಕಣಜ ಸಾಲದು, ಕೆಡವಿ ದೊಡ್ಡದು ಕಟ್ಟುತ್ತೇನೆ ಎನ್ನುತ್ತಾನೆ. ವ್ಯವಹಾರದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನ ಮಾತನ್ನು ಕೇಳಿ: ನನ್ನ ಬೆಳೆ, ನನ್ನ ಕಣಜ, ನನ್ನ ಧಾನ್ಯ, ನನ್ನ ಸರಕು, ಕೊನೆಗೆ ನನ್ನ ಜೀವ. ಆ ರಾತ್ರಿಯೇ ಜೀವ ಹೋಗುತ್ತದೆ. ಅವನ ಯೋಜನೆಯಲ್ಲಿ ದೇವರೂ ಇರಲಿಲ್ಲ, ನೆರೆಮನೆಯವನೂ ಇರಲಿಲ್ಲ.

ನಂಬಿಕೆಯಿಂದ ಕಾಣಿಕೆ ಹಾಕಿದರೆ ನೂರ್ಮಡಿ ಬರುತ್ತದೆ, ಬಡತನ ನಂಬಿಕೆಯ ಕೊರತೆ ಎಂದು ಕಲಿಸುವ ಪ್ರಸಂಗವೂ ಇದೆ. ಕಳೆದ ಶತಮಾನದಲ್ಲಿ ಅಮೆರಿಕದಲ್ಲಿ ಬಲಿತು ಟಿವಿಯ ಮೂಲಕ ಎಲ್ಲೆಡೆ ಹರಡಿದ್ದು ಅದು. ಪರಂಪರೆಯ ಹಲವು ಸಭೆಗಳು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ತಾನು ಹಸಿದಿದ್ದೂ ಉಂಟು, ತೃಪ್ತನಾಗಿದ್ದೂ ಉಂಟು, ಎರಡರಲ್ಲೂ ಇರಲು ಕಲಿತಿದ್ದೇನೆ ಎಂದು ಬರೆದ ಪೌಲನ ನಂಬಿಕೆಯಲ್ಲಿ ಕೊರತೆ ಇತ್ತು ಎಂದು ಯಾರು ಹೇಳಿಯಾರು? ಜ್ಞಾನೋಕ್ತಿಗಳ 30ನೆಯ ಅಧ್ಯಾಯದ ಪ್ರಾರ್ಥನೆ ನನಗೆ ಇದಕ್ಕಿಂತ ಹತ್ತಿರ. ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ನನಗೆ ತಕ್ಕಷ್ಟು ಆಹಾರ ಕೊಡು. ಹೊಟ್ಟೆ ತುಂಬಿ ನಿನ್ನನ್ನು ಮರೆಯುವಂತಾಗದಿರಲಿ, ಹಸಿದು ಕಳ್ಳತನಕ್ಕಿಳಿಯುವಂತಾಗದಿರಲಿ ಎಂದು ಅಲ್ಲಿ ಕೇಳಿಕೊಳ್ಳಲಾಗಿದೆ.

ಬಂದ ದಾರಿ

ಕೊಡುವ ಮೊದಲು ಹಣ ಬಂದ ದಾರಿಯನ್ನು ನೋಡಬೇಕು. ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದು ಯಾಜಕಕಾಂಡ ಹೇಳುತ್ತದೆ. ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎಂದು ಯಾಕೋಬನ ಪತ್ರ. ಮನೆಗೆಲಸದವಳ ಪಗಾರ, ಹೋಟೆಲ್ ಹುಡುಗರ ಬಾಕಿ, ಬಾಡಿಗೆದಾರನ ಡಿಪಾಸಿಟ್ ಹಿಡಿದಿಟ್ಟುಕೊಂಡು ಅದರಿಂದಲೇ ಭಾನುವಾರ ದೊಡ್ಡ ಕಾಣಿಕೆ ಹಾಕುವುದು ಈ ಲೆಕ್ಕದಲ್ಲಿ ಕಾಣಿಕೆಯೇ ಅಲ್ಲ. ಜಕ್ಕಾಯನ ನಾಲ್ಕರಷ್ಟು ಮರುಪಾವತಿ ದಾನವಲ್ಲ, ಬಾಕಿ ತೀರಿಸಿದ್ದು.

ಸಾಲ, ಬಡ್ಡಿ, ಜಾಮೀನು

ಬೈಬಲ್ ಬಡ್ಡಿಯನ್ನು ನಿಷೇಧಿಸುತ್ತದೆಯಲ್ಲ, ಹಾಗಾದರೆ ಎಫ್‌ಡಿ ಇಡಬಹುದೇ ಎಂದು ಕೇಳುವವರಿದ್ದಾರೆ. ನಿಷೇಧ ಇದೆ, ಸಂದರ್ಭವನ್ನೂ ನೋಡಬೇಕು. ವಿಮೋಚನಕಾಂಡದ 22ನೆಯ ಅಧ್ಯಾಯ ಮಾತಾಡುವುದು ನಿಮ್ಮಲ್ಲಿರುವ ಬಡವನಿಗೆ ಕೊಡುವ ಸಾಲದ ಬಗ್ಗೆ. ಅಂದಿನ ಸಾಲ ವ್ಯಾಪಾರ ಬೆಳೆಸಲು ತೆಗೆದದ್ದಕ್ಕಿಂತ ಹೆಚ್ಚಾಗಿ ಬೆಳೆ ಹೋದಾಗ ಬದುಕುಳಿಯಲು ತೆಗೆದದ್ದು. ಅಂಥವನಿಂದ ಬಡ್ಡಿ ಕೀಳುವುದು ಅವನ ಹೊಲವನ್ನೂ ಮಕ್ಕಳನ್ನೂ ಕಿತ್ತುಕೊಳ್ಳುವ ದಾರಿಯಾಗಿತ್ತು. ನೆಹೆಮೀಯನ 5ನೆಯ ಅಧ್ಯಾಯದಲ್ಲಿ ಹಾಗೆಯೇ ಆಗಿದೆ: ಜನ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟು ಮಕ್ಕಳನ್ನು ಗುಲಾಮಗಿರಿಗೆ ಕೊಟ್ಟಿದ್ದರು. ಅಲ್ಲಿನ ಅಧಿಪತಿ ನೆಹೆಮೀಯ ಶ್ರೀಮಂತರನ್ನು ಸೇರಿಸಿ ಎಲ್ಲವನ್ನೂ ಬಡ್ಡಿಸಹಿತ ವಾಪಸು ಕೊಡಿಸುತ್ತಾನೆ.

ಕ್ರಿ.ಶ. 325ರಲ್ಲಿ ಬಿಷಪರು ಸೇರಿದ ನೈಸಿಯ ಮಹಾಸಭೆ ಬಡ್ಡಿ ತೆಗೆದುಕೊಳ್ಳುವ ಪಾದ್ರಿಗಳನ್ನು ಪದವಿಯಿಂದ ತೆಗೆಯಬೇಕೆಂದು ನಿಯಮ ಮಾಡಿತು. ಮಧ್ಯಯುಗದಲ್ಲಿ ಅದು ಎಲ್ಲ ವಿಶ್ವಾಸಿಗಳಿಗೂ ವಿಸ್ತರಿಸಿತು. ವ್ಯಾಪಾರ ಬೆಳೆದು ಸಾಲದ ಸ್ವರೂಪವೇ ಬದಲಾದ 16ನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕಾಲ್ವಿನ್ ಒಂದು ಭೇದ ಮಾಡಿದರು: ಕಷ್ಟದಲ್ಲಿರುವ ಬಡವನಿಂದ ಬಡ್ಡಿ ಕೂಡದು, ಲಾಭದ ವ್ಯವಹಾರಕ್ಕೆ ಕೊಟ್ಟ ಹಣದ ಮೇಲೆ ನ್ಯಾಯವಾದ ಬಡ್ಡಿ ತಪ್ಪಲ್ಲ. ಇಂದು ಬಹುತೇಕ ಸಭೆಗಳ ನಿಲುವು ಇದರ ಸುತ್ತಮುತ್ತಲೇ ಇದೆ. ಎಫ್‌ಡಿಗೆ ತೊಂದರೆಯಿಲ್ಲ; ಮನೆಗೆಲಸದವಳಿಗೆ ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿಗೆ ಕೊಡುವುದಕ್ಕೆ ಸಮರ್ಥನೆಯಿಲ್ಲ.

ಇದಕ್ಕೆ ಹೊಂದಿಕೊಂಡ ಒಂದು ಚರಿತ್ರೆ ಕನ್ನಡಿಗರಿಗೆ ಗೊತ್ತಿರಬೇಕಾದದ್ದು. 19ನೆಯ ಶತಮಾನದ ಜರ್ಮನಿಯಲ್ಲಿ ಊರಿನ ಮೇಯರ್ ಆಗಿದ್ದ, ಗಾಢ ಕ್ರೈಸ್ತ ಭಕ್ತಿಯ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್, ಬಡ್ಡಿಕೋರರ ಹಿಡಿತದಲ್ಲಿದ್ದ ರೈತರಿಗಾಗಿ ಹಳ್ಳಿಯವರೇ ಕೂಡಿ ನಡೆಸುವ ಸಾಲದ ಸಂಘಗಳನ್ನು ಕಟ್ಟಿದರು. ಭಾರತದ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಗೆ ಮುಖ್ಯ ಮಾದರಿಯಾದದ್ದು ಆ ಪದ್ಧತಿ. ಮರುವರ್ಷ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಮುಂಬೈಯ ಓಣಿ ಓಣಿಯಲ್ಲಿ ಇಂದು ಕಾಣುವ ಸಹಕಾರಿ ಸಾಲದ ಸಂಘಗಳಾದ ಪತ್‌ಪೇಢಿಗಳು ಈ ಬಳ್ಳಿಯವೇ.

ಪತ್‌ಪೇಢಿ ಎಂದ ಕೂಡಲೇ ಜಾಮೀನು. ಇಬ್ಬರ ಸಹಿ ಬೇಕು, ಊರಿನವನೊಬ್ಬ ಕೇಳುತ್ತಾನೆ, ಸಂಬಂಧ ಕೆಡಬಾರದೆಂದು ಹಾಕುತ್ತೇವೆ. ಜ್ಞಾನೋಕ್ತಿಗಳು ಇದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಸುತ್ತವೆ. 6ನೆಯ ಅಧ್ಯಾಯವಂತೂ ಜಾಮೀನು ನಿಂತಿದ್ದರೆ ಕಣ್ಣಿಗೆ ನಿದ್ದೆ ಕೊಡದೆ, ಬೇಡನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ಬಿಡಿಸಿಕೊ ಎನ್ನುತ್ತದೆ. ನಮ್ಮ ಕಾನೂನು ನೋಡಿದರೆ ಆ ಗಾಬರಿ ಅರ್ಥವಾಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನಿಂದ ವಸೂಲಿಗೆ ಯತ್ನಿಸಿ ಸೋತ ಮೇಲೆಯೇ ನಿಮ್ಮ ಹತ್ತಿರ ಬರಬೇಕೆಂದೇನೂ ಇಲ್ಲ. ಆದ್ದರಿಂದ ತಮ್ಮನಿಗೆ ನಿಜಕ್ಕೂ ಸಹಾಯ ಬೇಕಿದ್ದರೆ, ಕೈಲಾದಷ್ಟನ್ನು ಕೊಟ್ಟುಬಿಡುವುದು ಕೈಲಾಗದಷ್ಟಕ್ಕೆ ಸಹಿ ಹಾಕುವುದಕ್ಕಿಂತ ಮೇಲು.

ಮನೆ ಸಾಲದ ಬಗ್ಗೆ ಬೈಬಲಿನಲ್ಲಿ ನೇರ ನಿಯಮವಿಲ್ಲ. ಸಾಲಗಾರ ಸಾಲ ಕೊಟ್ಟವನಿಗೆ ಗುಲಾಮ ಎಂಬ ಎಚ್ಚರಿಕೆಯಿದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂಬ ಯೇಸುವಿನ ಮಾತಿದೆ. ಅದು ಶಿಷ್ಯನಾಗುವುದರ ಬೆಲೆಯ ಬಗ್ಗೆ ಹೇಳಿದ ಮಾತು. ಆದರೂ ಇಎಂಐ ಲೆಕ್ಕಕ್ಕೆ ಕೂತವರಿಗೆ ಉಪಯೋಗಕ್ಕೆ ಬರುತ್ತದೆ.

ಕೂಡಿಡುವುದು ಅಪನಂಬಿಕೆಯೇ?

ನಾಳೆಯ ಚಿಂತೆ ಬೇಡ ಎಂದು ಯೇಸು ಹೇಳಿದ ಮೇಲೆ ವಿಮೆ, ಪಿಂಚಣಿ ಯಾಕೆ ಎಂದು ಭಕ್ತಿಯಿಂದಲೇ ಕೇಳುವವರಿದ್ದಾರೆ. ಐಗುಪ್ತದಲ್ಲಿದ್ದ ಇನ್ನೊಬ್ಬ ಯೋಸೇಫನ ಕಥೆ ಇದಕ್ಕೆ ಉತ್ತರ. ಆದಿಕಾಂಡದ 41ನೆಯ ಅಧ್ಯಾಯದಲ್ಲಿ ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ ಎಂದು ದೇವರೇ ತಿಳಿಸಿದಾಗ ಯೋಸೇಫ ಅಲ್ಲಿನ ಅರಸ ಫರೋಹನಿಗೆ ಕೊಟ್ಟ ಸಲಹೆ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಡು ಎಂಬುದು. ಆ ಕಣಜ ಬರಗಾಲದಲ್ಲಿ ತೆರೆಯಿತು. ಲೂಕನ ರೈತನದೂ ಕಣಜವೇ, ಯೋಸೇಫನದೂ ಕಣಜವೇ. ಒಂದು ಒಬ್ಬನ ಸುಖಕ್ಕೆ ಮುಚ್ಚಿದ್ದು, ಇನ್ನೊಂದು ಹಸಿದವರಿಗೆ ತೆರೆಯಲೆಂದೇ ತುಂಬಿದ್ದು.

ಎಲ್ಲವನ್ನೂ ಒಂದೇ ಕಡೆ ಇಡದಿರುವ ಬುದ್ಧಿಯೂ ಹಳೆಯದೇ. ಪ್ರಸಂಗಿಯ 11ನೆಯ ಅಧ್ಯಾಯ ಏಳು ಪಾಲು, ಎಂಟು ಪಾಲು ಮಾಡು, ಭೂಮಿಯ ಮೇಲೆ ಏನು ಕೇಡು ಬರುವುದೋ ತಿಳಿಯದು ಎನ್ನುತ್ತದೆ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲಿಗೆ ಒಂದು ಖಾತೆಯಿಂದ ತೆಗೆಯಲು ಬಿಟ್ಟದ್ದು 1,000 ರೂಪಾಯಿ. ಜೀವಮಾನದ ಉಳಿತಾಯವನ್ನೆಲ್ಲ ಅಲ್ಲೇ ಇಟ್ಟಿದ್ದ ಮುಂಬೈಯ ಹಿರಿಯರು ಬ್ಯಾಂಕಿನ ಬಾಗಿಲಲ್ಲಿ ಅತ್ತದ್ದನ್ನು ಈ ಊರು ಮರೆತಿಲ್ಲ. ಠೇವಣಿ ವಿಮೆ ಈಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಮಾತ್ರ. ಕಾರ್ಪಸ್ ಹಣ ಬಂದವರು ಈ ಅಂಕಿಯನ್ನು ನೆನಪಿಡಲೇಬೇಕು.

ಆತುರದ ಹಣದ ಬಗ್ಗೆ ಜ್ಞಾನೋಕ್ತಿಗಳಿಗೆ ಬಹಳ ಅನುಮಾನ. ಬೇಗನೆ ಬಂದದ್ದು ಕರಗುತ್ತದೆ, ಕೂಡಿಸುತ್ತಾ ಬಂದದ್ದು ಬೆಳೆಯುತ್ತದೆ ಎಂಬ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಷೇರು ಕೊಳ್ಳುವುದೇ ಜೂಜಲ್ಲ, ಒಂದು ಉದ್ಯಮದಲ್ಲಿ ಪಾಲು ಪಡೆಯುವುದು ತಲಾಂತಿನ ಕಥೆಗೆ ಹೊಂದುತ್ತದೆ. ಆದರೆ ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಆಂಡ್ ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿತು. ವಾರ ವಾರ ಬಡ್ಡಿ ಕೊಡುವ ಸ್ಕೀಮುಗಳ ಬಗ್ಗೆ ದಾದರ್‌ನಲ್ಲಿ 2025ರ ಜನವರಿಯಲ್ಲಿ ಟೊರೆಸ್ ಆಭರಣ ಕಂಪನಿ ಹೂಡಿಕೆದಾರರ ಹಣ ಮುಳುಗಿಸಿದ್ದನ್ನು ಕಂಡ ಮೇಲೆ ಬೇರೆ ಹೇಳಬೇಕಿಲ್ಲ. ಸಭೆಯವನೇ ಹೇಳಿದ, ಪ್ರಾರ್ಥನೆ ಮಾಡಿಯೇ ಹಾಕಿದ ಎಂಬುದು ಸ್ಕೀಮಿಗೆ ಭದ್ರತೆಯಾಗುವುದಿಲ್ಲ.

ದಶಮಾಂಶದ ಲೆಕ್ಕ

ದಶಮಾಂಶ ಎಂದರೆ ಹತ್ತನೆಯ ಒಂದು ಪಾಲು. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಅದು ಹೊಲದ ಬೆಳೆ ಮತ್ತು ದನಕುರಿಗಳ ಮೇಲಿನದು. ಅದು ಹೋಗುತ್ತಿದ್ದದ್ದು ಲೇವಿಯರಿಗೆ, ಯಾಕೆಂದರೆ ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ಅವರಿಗೆ ಮಾತ್ರ ಭೂಮಿಯ ಪಾಲಿರಲಿಲ್ಲ, ದೇವಸೇವೆಯೇ ಅವರ ಕೆಲಸ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಇನ್ನೊಂದು ಚಿತ್ರವಿದೆ: ದಶಮಾಂಶವನ್ನು ಯಾತ್ರಾಸ್ಥಳಕ್ಕೆ ಒಯ್ದು ಮನೆಯವರೆಲ್ಲ ಸಂತೋಷದಿಂದ ಊಟ ಮಾಡಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ತಿಂದು ತೃಪ್ತರಾಗುವಂತೆ ನೋಡಿಕೊಳ್ಳಬೇಕು. ದಶಮಾಂಶ ಎಂದರೆ ಪಾದ್ರಿಯ ಸಂಬಳ, ಕಟ್ಟಡದ ಫಂಡು ಎಂದಷ್ಟೇ ತಿಳಿದವರು ಈ ಭಾಗವನ್ನು ಒಮ್ಮೆ ಓದಬೇಕು. ಬಡವರ ಊಟ ಅದರೊಳಗೇ ಇತ್ತು.

ಹೊಸ ಒಡಂಬಡಿಕೆಯಲ್ಲಿ ಸಭೆಗಳಿಗೆ ಶೇಕಡಾ ಹತ್ತು ಎಂಬ ಆಜ್ಞೆ ಸಿಗುವುದಿಲ್ಲ. ಪುದೀನ, ಜೀರಿಗೆಯಲ್ಲೂ ದಶಮಾಂಶ ತೆಗೆದು ನ್ಯಾಯ, ಕರುಣೆ, ನಂಬಿಗಸ್ತಿಕೆಯನ್ನು ಬಿಟ್ಟ ಫರಿಸಾಯರೆಂಬ ಕಟ್ಟುನಿಟ್ಟಿನ ಯೆಹೂದಿ ಪಂಗಡದವರನ್ನು ಯೇಸು ಖಂಡಿಸುತ್ತಾರೆ, ದಶಮಾಂಶವನ್ನೂ ಬಿಡಬಾರದಿತ್ತು ಎಂದು ಸೇರಿಸುತ್ತಾರೆ. ಪೌಲ ಕೊರಿಂಥದವರಿಗೆ ಬರೆಯುವಾಗ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎನ್ನುತ್ತಾನೆ. ಬೇಸರದಿಂದಲೂ ಬೇಡ, ಬಲವಂತದಿಂದಲೂ ಬೇಡ, ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ ಎನ್ನುತ್ತಾನೆ. ಆದ್ದರಿಂದ ಸಭೆಗಳಲ್ಲಿ ಭೇದವಿದೆ. ಅನೇಕ ಪ್ರೊಟೆಸ್ಟಂಟ್, ಪೆಂಟೆಕೋಸ್ಟಲ್ ಸಭೆಗಳು ಹತ್ತನ್ನು ನಿಯಮವಾಗಿ ಅಥವಾ ಆರಂಭದ ಮೆಟ್ಟಿಲಾಗಿ ಕಲಿಸುತ್ತವೆ. ಕಥೋಲಿಕ ಸಭೆಯಲ್ಲಿ ನಿಗದಿತ ಶೇಕಡಾವಾರು ಇಲ್ಲ, ಶಕ್ತ್ಯನುಸಾರ ಸಭೆಯ ಅಗತ್ಯಕ್ಕೆ ಕೊಡುವುದು ಕರ್ತವ್ಯ. ಮಂಗಳೂರು ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಲ್ಲಿ ಹೊಸ ತೆನೆಯನ್ನು ಇಗರ್ಜಿಗೆ ಒಯ್ದು ಆಶೀರ್ವದಿಸಿ ತಂದು, ಆಮೇಲೆ ಮನೆಮಂದಿ ಕೂಡಿ ಉಣ್ಣುವುದರಲ್ಲಿ ಪ್ರಥಮ ಫಲದ ಅದೇ ಹಳೆಯ ಅರ್ಥ ಉಳಿದಿದೆ: ಉಳಿದದ್ದರಲ್ಲಿ ಕೊಡುವುದಲ್ಲ, ಮೊದಲು ಬಂದದ್ದರಲ್ಲಿ ಕೊಡುವುದು.

ಈಗ ಗಲ್ಲಾದ ಲೆಕ್ಕಕ್ಕೆ ಬರೋಣ. ಹಣವೆಲ್ಲ ಒಡೆಯನದು ಎಂದ ಮೇಲೆ ಹತ್ತು ದೇವರಿಗೆ, ತೊಂಬತ್ತು ನನಗೆ ಎಂಬ ವಿಭಜನೆಯೇ ನಿಲ್ಲುವುದಿಲ್ಲ. ಆ ತೊಂಬತ್ತಕ್ಕೂ ಲೆಕ್ಕವಿದೆ. ಹತ್ತು ಎಲ್ಲರಿಗೂ ಒಂದೇ ತೂಕದ್ದೂ ಅಲ್ಲ: ತಿಂಗಳಿಗೆ 20,000 ದುಡಿಯುವವನ 2,000 ಮಕ್ಕಳ ಹಾಲು, ಶಾಲೆಯ ಫೀಸಿನಿಂದ ಬಂದದ್ದು, 5 ಲಕ್ಷ ದುಡಿಯುವವನ 50,000 ಅವನ ಜೀವನವನ್ನು ಮುಟ್ಟುವುದೇ ಇಲ್ಲ. ದೇವಾಲಯದ ಬೊಕ್ಕಸಕ್ಕೆ ಎರಡು ಸಣ್ಣ ಕಾಸು ಹಾಕಿದ ವಿಧವೆ ಎಲ್ಲರಿಗಿಂತ ಹೆಚ್ಚು ಹಾಕಿದಳು ಎಂದು ಯೇಸು ಹೇಳಿದ್ದು ಇದೇ ಲೆಕ್ಕದಲ್ಲಿ.

ಮೆಥಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ, 1703ರಿಂದ 1791ರವರೆಗೆ ಬದುಕಿದವರು, ಹಣದ ಬಗ್ಗೆ ಮೂರು ನಿಯಮ ಕಲಿಸಿದರು: ದೇಹ, ಮನಸ್ಸು, ನೆರೆಯವನಿಗೆ ಹಾನಿಯಾಗದಂತೆ ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನೂ ಅವರು ಹೇಳಿದ್ದಾರೆ. ಅದು ಅವರದೇ ಲೆಕ್ಕ ಎಂದು ಹೇಳುವವರು ಬಹಳ. ಮೊದಲ ವರ್ಷ ಆದಾಯ 30 ಪೌಂಡ್, ಖರ್ಚು 28, ಕೊಟ್ಟದ್ದು 2. ಮರುವರ್ಷ ಆದಾಯ 60, ಖರ್ಚು ಅದೇ 28, ಕೊಟ್ಟದ್ದು 32. ಮೂರನೆಯ ವರ್ಷ 90ರಲ್ಲಿ 62, ನಾಲ್ಕನೆಯ ವರ್ಷ 120ರಲ್ಲಿ 92. ಸಂಬಳ ಏರಿದಾಗ ಖರ್ಚನ್ನು ಏರಿಸದೆ ಕೊಡುವುದನ್ನು ಏರಿಸಿದ ಲೆಕ್ಕ ಇದು. ಕಾರ್ಪಸ್ ಹಣದಲ್ಲಿ ಎಷ್ಟು ಎಂದು ಕೇಳುವವರಿಗೆ ಶೇಕಡಾವಾರು ಹೇಳುವುದಕ್ಕಿಂತ ಈ ಲೆಕ್ಕ ತೋರಿಸುವುದೇ ನನಗೆ ಸರಿ ಕಾಣುತ್ತದೆ.

ಇದಕ್ಕೊಂದು ಮಿತಿಯೂ ಇದೆ, ಅದನ್ನು ಯೇಸುವೇ ಹಾಕಿದ್ದಾರೆ. ಮಾರ್ಕನ 7ನೆಯ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಹರಕೆಯ ಪ್ರಸ್ತಾಪವಿದೆ: ನನ್ನಿಂದ ನಿಮಗೆ ಆಗಬೇಕಿದ್ದ ಸಹಾಯವನ್ನು ದೇವರಿಗೆ ಮುಡಿಪಿಟ್ಟಿದ್ದೇನೆ ಎಂದು ತಂದೆತಾಯಿಗೆ ಹೇಳಿ ಕೈತೊಳೆದುಕೊಳ್ಳುವ ಪದ್ಧತಿ. ದೇವರ ಹೆಸರಿನಲ್ಲಿ ದೇವರ ಆಜ್ಞೆಯನ್ನೇ ಅಳಿಸುತ್ತೀರಿ ಎಂದು ಯೇಸು ಬಹಳ ಕಟುವಾಗಿ ಹೇಳುತ್ತಾರೆ. ಸ್ವಂತ ಮನೆಯವರನ್ನು ಸಾಕದವನು ನಂಬಿಕೆಯನ್ನು ತಳ್ಳಿಬಿಟ್ಟವನು ಎಂದು ಪೌಲನೂ ಬರೆದ. ಊರಲ್ಲಿ ಅಮ್ಮನ ಔಷಧಿಗೆ ಹಣ ಕಳುಹಿಸದೆ ಇಲ್ಲಿ ಸಭೆಗೆ ದೊಡ್ಡ ಮೊತ್ತ ಕೊಡಿ ಎಂದು ಯಾರಾದರೂ ಹೇಳಿದರೆ ಅದು ಸುವಾರ್ತೆಯಲ್ಲ.

ಕೊಟ್ಟ ಹಣದ ಲೆಕ್ಕ ಕೇಳುವುದು ಅವಿಶ್ವಾಸವೇನೂ ಅಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಒಯ್ಯಲು ಪೌಲ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಆಕ್ಷೇಪಕ್ಕೆ ಎಡೆಯಿರಬಾರದು ಎಂದು ಕಾರಣವನ್ನೂ ಬರೆದ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಾಯಿತ ಟ್ರಸ್ಟುಗಳು ಲೆಕ್ಕ ಇಡಬೇಕು, ಆಡಿಟ್ ಮಾಡಿಸಬೇಕು, ಚ್ಯಾರಿಟಿ ಕಮಿಷನರ್ ಕಚೇರಿಗೆ ಉತ್ತರಿಸಬೇಕು. ರಸೀದಿ ಕೇಳಿ ಪಡೆಯಿರಿ.

ತೀರಿಹೋದ ಮೇಲೆ

ಲೂಕನ ರೈತನ ಕಥೆ ಹುಟ್ಟಿದ್ದೇ ಒಂದು ಆಸ್ತಿ ಜಗಳದಿಂದ. ನನ್ನ ಅಣ್ಣನಿಗೆ ಪಾಲು ಕೊಡಲು ಹೇಳು ಎಂದು ಗುಂಪಿನಲ್ಲಿ ಒಬ್ಬ ಯೇಸುವನ್ನು ಕೇಳುತ್ತಾನೆ. ನನ್ನನ್ನು ನಿಮಗೆ ಪಾಲುಗಾರನನ್ನಾಗಿ ಇಟ್ಟವರು ಯಾರು ಎಂದು ಯೇಸು ನಿರಾಕರಿಸಿ, ಲೋಭದ ಬಗ್ಗೆ ಎಚ್ಚರಿಸುತ್ತಾರೆ. ರೀಡೆವಲಪ್‌ಮೆಂಟ್ ಬಂದ ಮೇಲೆ ಮುಂಬೈಯ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಉಯಿಲು ಬರೆದಿಡುವುದು ಮನೆವಾರ್ತೆಯ ಕೊನೆಯ ಕೆಲಸ, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು.

ಮೊದಲು ಒಂದು ತಪ್ಪು ತಿಳಿವಳಿಕೆ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ನಾಮಿನಿ ಹೆಸರು ಹಾಕಿದರೆ ಆಸ್ತಿ ಅವರದಾಗುವುದಿಲ್ಲ. ನಾಮಿನಿ ಎಂದರೆ ವಾರಸುದಾರರ ಪರವಾಗಿ ಪಡೆದು ಇಟ್ಟುಕೊಳ್ಳುವವನು. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿತು.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲಿಲ್ಲದೆ ಗಂಡ ತೀರಿದರೆ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಹೆಂಡತಿ ತೀರಿದರೆ ಗಂಡನಿಗೂ ಇದೇ ಲೆಕ್ಕ. ಮಗ, ಮಗಳು ಎಂಬ ಭೇದವಿಲ್ಲ, ಸಮಪಾಲು. ಮದುವೆಯಾದ ಮಗಳಿಗೆ ಪಾಲಿಲ್ಲ ಎಂದು ಹೇಳುವವರಿಗೆ ಕಾನೂನಿನ ಬೆಂಬಲವಿಲ್ಲ. ಇದೇ ಕಾಯ್ದೆಯಲ್ಲಿ ಬಹುಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಮಕ್ಕಳಿದ್ದರೆ ತೀರಿಹೋದವನ ತಂದೆತಾಯಿಗೆ ಏನೂ ಬರುವುದಿಲ್ಲ. ಮಗನ ಮನೆಯಲ್ಲೇ ಇದ್ದ ಎಂಬತ್ತರ ತಾಯಿಗೂ ಆ ಫ್ಲ್ಯಾಟಿನಲ್ಲಿ ಪಾಲಿಲ್ಲ. ಅವಳಿಗೆ ಏನಾದರೂ ಸಿಗಬೇಕಿದ್ದರೆ ಉಯಿಲಿನಲ್ಲಿ ಬರೆಯಬೇಕು.

ಗೋವಾ ಮೂಲದವರಿಗೆ ಲೆಕ್ಕ ಬೇರೆ. ಅಲ್ಲಿ ಯಾವ ಧರ್ಮದವರಾದರೂ ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯಿಂದ ಬಂದ ಕಾನೂನು ನಡೆಯುತ್ತದೆ. ಮದುವೆಯ ಮುಂಚೆ ಬೇರೆ ಒಪ್ಪಂದವಾಗಿರದಿದ್ದರೆ ಗಂಡಹೆಂಡಿರ ಆಸ್ತಿ ಜಂಟಿ. ತನ್ನ ಪಾಲಿನಲ್ಲೂ ಅರ್ಧವನ್ನು ಮಾತ್ರ ಇಷ್ಟ ಬಂದವರಿಗೆ ಬರೆಯಬಹುದು, ಉಳಿದರ್ಧ ಮಕ್ಕಳಂಥ ಕಡ್ಡಾಯ ವಾರಸುದಾರರಿಗೆ. ವಾಸ್ಕೊದಲ್ಲಿ ಗೋವಾ ಕುಟುಂಬದೊಂದಿಗೆ ಬೀಗತನ ಬೆಳೆಸಿದ ಕನ್ನಡಿಗರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಸಭೆಗೋ ಅನಾಥಾಲಯಕ್ಕೋ ಬರೆದಿಡಲು ಮೊದಲು ಒಂದು ಅಡ್ಡಿಯಿತ್ತು. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧಾರ್ಮಿಕ ಅಥವಾ ದಾನದ ಕಾರ್ಯಕ್ಕೆ ಉಯಿಲಿನಲ್ಲಿ ಆಸ್ತಿ ಬಿಡಬೇಕಾದರೆ ಸಾವಿಗೆ ಕನಿಷ್ಠ 12 ತಿಂಗಳ ಮೊದಲೇ ಬರೆದಿರಬೇಕಿತ್ತು, ಬರೆದ 6 ತಿಂಗಳೊಳಗೆ ಅದನ್ನು ನಿಗದಿತ ಕಚೇರಿಯಲ್ಲಿ ಠೇವಣಿ ಇಡಬೇಕಿತ್ತು. ಆ 118ನೆಯ ಕಲಮನ್ನು ಸುಪ್ರೀಂ ಕೋರ್ಟ್ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ 2003ರ ಜುಲೈಯಲ್ಲಿ ರದ್ದು ಮಾಡಿತು. ಈಗ ಆ ಅಡ್ಡಿಯಿಲ್ಲ.

ಉಯಿಲಿಗೆ ಸ್ಟ್ಯಾಂಪ್ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಕ್ರೈಸ್ತರು ಎರಡು ವಿಷಯ ಗಮನಿಸಬೇಕು. ಪಾಲು ಪಡೆಯುವ ಮಗನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿ ಸಹಿ ಹಾಕಬಾರದು. ಹಾಕಿದರೆ ಉಯಿಲು ಉಳಿಯುತ್ತದೆ, ಮಗನ ಪಾಲು ಹೋಗುತ್ತದೆ. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಾದೊಡನೆ ತಾನಾಗಿ ರದ್ದಾಗುತ್ತದೆ. ಹೆಂಡತಿ ತೀರಿ ಎರಡನೆಯ ಮದುವೆಯಾದವರಿಗೂ ಇದು ಅನ್ವಯ, ಹೊಸದಾಗಿ ಬರೆಯಬೇಕು.